ಎರಡು ಆಷಾಢದ ಅಳಿಯ

ಕಾಲ ಯಾರ ಮಾತನ್ನೂ ಕೇಳುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ನನ್ನ ಅಂಗಡಿಗೆ ಬಂದವರಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು, ಒಬ್ಬ ಕುಳಿತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗದಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿ. ಅಲ್ಲಿ ಕಾಲ ಬೋರಲಾಗಿ ಮಲಗಿರುತ್ತದೆ. ಬೆನ್ನಿನ ಮುಚ್ಚಳ ತೆಗೆದಿರುತ್ತದೆ. ಕೊಲ್ಲಾಪುರದಿಂದ ಒಂದು ಸ್ಪ್ರಿಂಗ್ ಬರಲಿ ಎಂದು ಎರಡು ಮೂರು ವಾರ ಸುಮ್ಮನೆ ಕಾಯುತ್ತದೆ. ಇಷ್ಟು ಸಭ್ಯವಾದ ವಸ್ತುವನ್ನು ಜನ ಯಾಕೆ ಬೈಯುತ್ತಾರೋ ತಿಳಿಯದು. ಆದರೆ ಹೀಗೆ ವರ್ಷಗಟ್ಟಲೆ ಕಾಲದ ಹೊಟ್ಟೆಯಲ್ಲಿ ಚಿಮಟಿಗೆ ಆಡಿಸುತ್ತಾ ಕುಳಿತವನಿಗೆ ಮೆಲ್ಲಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕಂಡವರ ತಾರೀಖನ್ನೆಲ್ಲ ತಿದ್ದಬೇಕೆನಿಸುತ್ತದೆ. ತಿದ್ದಿ ಸುಮ್ಮನಾದರೆ ರೋಗ ಅನ್ನುತ್ತಿರಲಿಲ್ಲ. ಯಾಕೆ ತಿದ್ದಿದೆ ಎಂದು ಹೇಳಬೇಕೆನಿಸುತ್ತದೆ. ಮದುವೆಯಾದ ಹೊಸದರಲ್ಲಿ ಈ ರೋಗ ನನ್ನ ಸಂಸಾರಕ್ಕೆ ಏನು ಮಾಡಿತು ಎನ್ನುವುದನ್ನು ಹೇಳುತ್ತೇನೆ. ಕೇಳಿ ನಗುವವರು ನಗಬಹುದು. ಆಗ ಚಿಕ್ಕೋಡಿಯಿಂದ ಮಂಗಸೂಳಿಯವರೆಗೆ ಒಂದು ಬಸ್ಸು ತುಂಬ ಜನ ನಕ್ಕಿದ್ದಾರೆ, ಇನ್ನಷ್ಟು ಜನ ಸೇರಿದರೆ ನನಗೇನೂ ಹೊಸದಲ್ಲ.

ತಾರೀಖು ತೋರಿಸುವ ಕೈಗಡಿಯಾರ ನೋಡಿದ್ದೀರಲ್ಲ, ಮೂರರ ಅಂಕಿ ಇರಬೇಕಾದ ಕಡೆ ಒಂದು ಸಣ್ಣ ಕಿಟಕಿ. ಅದರ ಹಿಂದೆ ಒಂದು ತಗಡಿನ ಚಕ್ರ ಇರುತ್ತದೆ, ಚಕ್ರದ ಮೇಲೆ ಒಂದರಿಂದ ಮೂವತ್ತೊಂದರವರೆಗೆ ಅಂಕಿ. ಆ ಚಕ್ರಕ್ಕೆ ತಿರುಗುವುದೊಂದು ಬಿಟ್ಟು ಬೇರೆ ವಿದ್ಯೆ ಇಲ್ಲ. ಜೂನ್ ತಿಂಗಳು ಮೂವತ್ತಕ್ಕೇ ಮುಗಿಯುತ್ತದೆ ಎನ್ನುವುದು ಅದಕ್ಕೆ ಗೊತ್ತಿಲ್ಲ. ಫೆಬ್ರುವರಿಯನ್ನಂತೂ ಅದು ಕನಸಿನಲ್ಲೂ ಕಂಡಿಲ್ಲ. ಮಾರ್ಚ್ ಒಂದರ ಬೆಳಿಗ್ಗೆ ಊರೆಲ್ಲ ಮಾರ್ಚಿನಲ್ಲಿದ್ದರೆ ಗಡಿಯಾರಗಳು ಇನ್ನೂ ಫೆಬ್ರುವರಿಯ ಆಚೆ ಇಲ್ಲದ ದಿನಗಳನ್ನು ತೋರಿಸುತ್ತಾ ಇರುತ್ತವೆ. ಚಾವಿಯನ್ನು ಸ್ವಲ್ಪ ಎಳೆದು ತಿರುಗಿಸಿದರೆ ಚಕ್ರ ಮುಂದೆ ಸರಿಯುತ್ತದೆ, ಯಾರಾದರೂ ಮಾಡಬಹುದು. ಆದರೆ ಚಾವಿ ಕಿತ್ತು ಕೈಗೆ ಬಂದರೆ ಎಂಬ ಹೆದರಿಕೆಗೆ ಜನ ನನ್ನಲ್ಲಿಗೆ ಬರುತ್ತಿದ್ದರು. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬದಲಿಗೆ ನಿಂತು ನನ್ನ ಭಾಷಣ ಕೇಳಬೇಕಾಗಿತ್ತು. ದುಡ್ಡೇ ಕೊಡುತ್ತೇವೆ ಎಂದವರೂ ಇದ್ದಾರೆ.

ಭಾಷಣ ಇಷ್ಟು. ನಮ್ಮ ಅವ್ವ ದಿನಾ ರೊಟ್ಟಿ ತಟ್ಟಿ ಮುಗಿಸಿದ ಮೇಲೆ ಪರಾತದಲ್ಲಿ ಕಾಲು ರೊಟ್ಟಿಗಾಗುವಷ್ಟು ಹಿಟ್ಟು ಉಳಿಯುತ್ತದೆ. ಅಷ್ಟರಲ್ಲಿ ರೊಟ್ಟಿ ಆಗುವುದಿಲ್ಲ, ಎಸೆಯಲಿಕ್ಕೂ ಮನಸ್ಸು ಬರುವುದಿಲ್ಲ. ಭೂಮಿಯ ಮನೆಯಲ್ಲೂ ಅದೇ ಕತೆ. ಸೂರ್ಯನ ಸುತ್ತ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೆ ಬರಲು ಭೂಮಿಗೆ ಮುನ್ನೂರ ಅರವತ್ತೈದು ದಿನ ಸಾಲುವುದಿಲ್ಲ, ಮೇಲೆ ಕಾಲು ದಿನದಷ್ಟು ಬೇಕು. ಆ ಕಾಲು ದಿನವನ್ನು ಯಾವ ಕ್ಯಾಲೆಂಡರಿನಲ್ಲಿ ಎಲ್ಲಿ ಅಚ್ಚು ಹಾಕುವುದು? ಅದಕ್ಕೇ ನಾಲ್ಕು ವರ್ಷದ ಉಂಡೆಗಳನ್ನು ಕೂಡಿಸಿ ಒಂದು ರೊಟ್ಟಿ ತಟ್ಟುತ್ತಾರೆ. ಅದೇ ಫೆಬ್ರುವರಿ ಇಪ್ಪತ್ತೊಂಬತ್ತು. ತಟ್ಟದೆ ಬಿಟ್ಟರೆ ಕ್ಯಾಲೆಂಡರ್ ಮುಂದೆ ಓಡಿ ಋತು ಹಿಂದೆ ಉಳಿಯುತ್ತದೆ. ಗೋಡೆಯ ಮೇಲೆ ಜೂನ್ ಬಂದಿರುತ್ತದೆ, ಹೊಲಕ್ಕೆ ಮಳೆ ಬಂದಿರುವುದಿಲ್ಲ. ನಮ್ಮ ಕಡೆ ಅದು ಹಾಗೆಯೂ ಆಗುವುದುಂಟು, ಆದರೆ ಅದರಲ್ಲಿ ಕ್ಯಾಲೆಂಡರಿನ ತಪ್ಪಿಲ್ಲ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಉಳಿಯುವ ಹಿಟ್ಟು ಪೂರ್ತಿ ಕಾಲು ರೊಟ್ಟಿಯಷ್ಟಿಲ್ಲ, ಒಂದು ಚಿಟಿಕೆ ಕಡಿಮೆ. ಬಿಡದೆ ನಾಲ್ಕಕ್ಕೊಂದರಂತೆ ತಟ್ಟುತ್ತಾ ಹೋದರೆ ನೂರಾರು ವರ್ಷಗಳಲ್ಲಿ ಹಿಟ್ಟಿಗಿಂತ ರೊಟ್ಟಿ ಹೆಚ್ಚಾಗುತ್ತದೆ. ಅದಕ್ಕೆ ಶತಮಾನ ತುಂಬುವ ವರ್ಷದಲ್ಲಿ ಆ ದಿನ ಸೇರಿಸುವುದಿಲ್ಲ, ಆದರೆ ನಾನೂರರಿಂದ ಭಾಗವಾಗುವ ವರ್ಷವಾದರೆ ಸೇರಿಸುತ್ತಾರೆ. ಹೀಗಾಗಿ ಎರಡು ಸಾವಿರನೇ ಇಸವಿಯಲ್ಲಿ ಆ ದಿನ ಇದ್ದೇ ಇರುತ್ತದೆ ಎಂದು ನಾನು ತೊಂಬತ್ತಾರರಲ್ಲೇ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಆ ತೊಂಬತ್ತಾರರಲ್ಲಿ ಫೆಬ್ರುವರಿ ಇಪ್ಪತ್ತೊಂಬತ್ತು ಗುರುವಾರ ಬಂತು. ಗುರುವಾರ ನನ್ನ ಅಂಗಡಿಗೆ ರಜೆ, ಅವ್ವನಿಗೆ ಉಪವಾಸ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವ್ವನೇ ಪಂಚಾಂಗ, ಅವ್ವನೇ ಪಂಚಾಯಿತಿ. ಯಾವ ಹರಕೆಗೋ ಹಿಡಿದ ಗುರುವಾರದ ಉಪವಾಸವನ್ನು ಅವಳು ಮಳೆ, ಜ್ವರ, ಮದುವೆ ಯಾವುದಕ್ಕೂ ಬಿಟ್ಟವಳಲ್ಲ. ಅಂಥವಳು ಅಂದು ಮಧ್ಯಾಹ್ನ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು, ಹಸಿದವರ ಲವಲವಿಕೆಯಲ್ಲಿ ಹೊರಗೆ ಹೊರಟಿದ್ದಳು. ಓಣಿಯಲ್ಲಿ ಒಬ್ಬ ಬಸುರಿ ಹುಡುಗಿಗೆ ಕುಬಸ ಇತ್ತು. ಕುಬಸ ಎಂದರೆ ಹಾಡು, ಆರತಿ, ಆಮೇಲೆ ಹೋಳಿಗೆ.

"ಅವ್ವಾ, ಹಾಡಾಕ ಹೊಂಟೀಯೋ, ಉಣ್ಣಾಕ ಹೊಂಟೀಯೋ?" ಎಂದೆ.

"ಎರಡಕ್ಕೂ."

"ಇವತ್ತ ಗುರುವಾರ ಐತಿ."

"ವಾರ ಗುರುವಾರ ಇರಬಹುದು. ದಿನಾ ಹೆಚ್ಚಿಗೀದು. ನಾಕ ವರ್ಷಕ್ಕೊಮ್ಮಿ ಪುಕಟ ಬರೂ ದಿನಾ ಅಂತ ನೀನ ಎಲ್ಲಾರಿಗೂ ಹೇಳ್ತೀಯಲ್ಲ. ನಾ ಹರಕಿ ಹೊತ್ತಾಗ ಪುಕಟ ದಿನದ ಮಾತ ಆಗಿಲ್ಲ."

ಮಗನಾದವನು ಇಲ್ಲಿ ನಕ್ಕು ಸುಮ್ಮನಾಗಬೇಕಿತ್ತು. ನಾನು ಕುರ್ಚಿ ಎಳೆದುಕೊಂಡೆ. ಪುಕಟ ಎಂದು ನಾನು ಎಂದೂ ಹೇಳಿಲ್ಲ ಎಂದು ಶುರು ಮಾಡಿದೆ. ಹಿಟ್ಟು, ಉಂಡೆ, ರೊಟ್ಟಿ ಎಲ್ಲ ಹೇಳಿದೆ. ರೊಟ್ಟಿಯ ವಿಷಯದಲ್ಲಿ ಅವ್ವನಿಗೆ ಪಾಠ ಮಾಡಿದವನು ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕೊನೆಗೆ ಹೇಳಿದೆ, "ಅದು ಹೆಚ್ಚಿಗೀ ದಿನಾ ಅಲ್ಲಬೇ. ನಮ್ಮದ ದಿನಾ ಅದು. ನಾಕ ವರ್ಷ ಲೆಕ್ಕಕ್ಕ ಹಿಡದಿರ್ಲಿಲ್ಲ, ಇವತ್ತ ಹಿಡದೀವಿ. ಕೂಡಿಸಿದ್ದೂ ಲೆಕ್ಕದಾಗ ಬರತೈತಿ."

ಅವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಕೂಡಿಸಿದ್ದೂ ಲೆಕ್ಕದಾಗ ಬರತೈತೇನು?"

"ಬರತೈತಿ."

"ಆತು," ಎಂದಳು.

ಕುಬಸಕ್ಕೆ ಹೋದಳು, ಹಾಡಿದಳು, ಒಂದು ಲೋಟ ಹಾಲು ಕುಡಿದು ಬಂದು ಮನೆಯಲ್ಲಿ ಸಾಬೂದಾಣಿ ಖಿಚಡಿ ತಿಂದಳು. ಆ ಮನೆಯವರು ಪಾಪ, ಡಬ್ಬಿಯಲ್ಲಿ ಹೋಳಿಗೆ ಕಟ್ಟಿ ಕಳಿಸಿದ್ದರು. ಮಾರನೆಯ ದಿನಕ್ಕೆ ಇಟ್ಟರೆ ಕೆಡುತ್ತದೆ ಎಂದು ನಾನೇ ತಿಂದೆ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಅವ್ವನಿಗೆ ಹೇಳಿದೆ ಕೂಡ.

ಮೇ ತಿಂಗಳಲ್ಲಿ ನನ್ನ ಮದುವೆಯಾಯಿತು. ಹುಡುಗಿ ಸವಿತಾ, ಆಗ ಅಥಣಿ ತಾಲೂಕಿನಲ್ಲಿದ್ದ ಮಂಗಸೂಳಿಯವಳು. ಮಾತು ಕಡಿಮೆ. ಆದರೆ ಅವಳು ಆಡಿದ ಒಂದು ಮಾತಿಗೆ ಉತ್ತರ ಹುಡುಕಲು ಎದುರಿನವರಿಗೆ ಒಂದು ದಿನ ಬೇಕಾಗುತ್ತಿತ್ತು. ಮದುವೆಯಲ್ಲಿ ಮಾವ ನನಗೆ ತಾರೀಖಿನ ಕಿಟಕಿಯಿದ್ದ ಒಂದು ಕೈಗಡಿಯಾರ ಕಟ್ಟಿದರು. ಗಡಿಯಾರದವನಿಗೆ ಗಡಿಯಾರ, ಹಲವಾಯಿಗೆ ಪೇಢೆ ಕೊಟ್ಟ ಹಾಗೆ. ಮಾವನವರ ಹಣೆಯ ಮೇಲೆ ಸದಾ ಮಲ್ಲಯ್ಯನ ಗುಡಿಯ ಭಂಡಾರದ ಅರಿಸಿನ, ಮುಖದ ಮೇಲೆ ಸದಾ ಸಮಾಧಾನ. ಗಡಿಯಾರ ಕಟ್ಟುತ್ತಾ, "ಕೆಟ್ರ ಬ್ಯಾರೇ ಕಡೆ ಅಡ್ಡಾಡೂದ ಬ್ಯಾಡ ನೋಡ್ರಿ ಅಳಿಯಂದ್ರ, ಅದಕ್ಕ ಇದನ್ನ ತಂದೆ," ಎಂದರು. ನಾನು ಮದುವೆಯಾದ ಎರಡನೆಯ ದಿನವೇ ಸವಿತಾಳಿಗೆ ಆ ಗಡಿಯಾರ ತೋರಿಸಿ, ಒಳಗಿನ ಚಕ್ರದ ವಿಷಯ, ಮೂವತ್ತು ದಿನದ ತಿಂಗಳ ವಿಷಯ, ಭೂಮಿಯ ವಿಷಯ ಎಲ್ಲ ತಿಳಿಸಿದೆ. ಹೊಸದರಲ್ಲಿ ಗಂಡಂದಿರು ಬೇರೆ ಏನೇನೋ ಮಾತಾಡುತ್ತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅವಳು ಪೂರ್ತಿ ಕೇಳಿಸಿಕೊಂಡಳು. ಅಷ್ಟು ಶ್ರದ್ಧೆಯಿಂದ ನನ್ನ ಭಾಷಣ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲವಾಗಿ ನಾನು ಅಲ್ಲೇ ಸೋತುಹೋದೆ.

ಹೀಗೆ ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅದರ ಮರುದಿನದಿಂದ ಆಷಾಢ. ನಮ್ಮಲ್ಲಿ ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ಅತ್ತೆಯ ಮುಖ ನೋಡಬಾರದು, ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ, ಕೇಳದವರು ಸುಮ್ಮನೆ ಪಾಲಿಸುತ್ತಾರೆ. ಮಗಳನ್ನು ಕರೆದೊಯ್ಯಲು ಮಾವ ಬಂದರು. ಹೋಗಲಿ, ಒಂದು ತಿಂಗಳು ಎಂದು ನಾನೂ ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಅವ್ವ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ತಂದು ಮಾವನ ಮುಂದೆ ಹಾಸಿದಳು.

"ಬೀಗರ, ಈ ವರ್ಷ ಆಷಾಢ ಎರಡ ಅದಾವ."

ಇದ್ದವು. ಮೊದಲು ಅಧಿಕ ಆಷಾಢ, ಅದು ಮುಗಿದ ಮೇಲೆ ನಿಜ ಆಷಾಢ. ಇಷ್ಟು ದಿನ ಊರವರ ತಾರೀಖು ತಿದ್ದಿದ ನಾನು ಮನೆಯ ಗೋಡೆಯನ್ನು ನೋಡಿರಲಿಲ್ಲ.

ಅಧಿಕ ಮಾಸ ಎಂದರೇನು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದೂ ಉಳಿದ ಹಿಟ್ಟಿನ ವ್ಯವಹಾರವೇ, ಆದರೆ ಇಲ್ಲಿ ಉಳಿಯುವುದು ಹೆಚ್ಚು. ನಮ್ಮ ತಿಂಗಳುಗಳು ಚಂದ್ರನವು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅಂಥ ಹನ್ನೆರಡು ತಿಂಗಳು ಮುಗಿದರೂ ಸೂರ್ಯನ ವರ್ಷ ಮುಗಿಯಲು ಹನ್ನೊಂದು ದಿನದಷ್ಟು ಬಾಕಿ ಇರುತ್ತದೆ. ಪಕ್ಕದ ಅಂಗಡಿಯ ಟೇಲರ್ ಇಸ್ಮಾಯಿಲ್ ಚಾಚಾನ ಕಡೆಯವರು ಅದನ್ನು ಹಾಗೆಯೇ ಬಿಡುತ್ತಾರೆ. ಹೀಗಾಗಿ ಅವರ ರಮಜಾನ್ ಒಂದು ಕಾಲಕ್ಕೆ ಬಿಸಿಲಲ್ಲಿ ಬಂದರೆ ಇನ್ನೊಂದು ಕಾಲಕ್ಕೆ ಚಳಿಯಲ್ಲಿ ಬರುತ್ತದೆ. ನಮ್ಮವರಿಗೆ ನಾಗರ ಪಂಚಮಿಗೆ ಮಳೆ ಬೇಕು, ದಸರೆಗೆ ಜೋಳ ಬಿತ್ತುವ ಹದ ಬೇಕು. ಅದಕ್ಕೆ ಮೂರು ವರ್ಷ ತುಂಬುವ ಮೊದಲೇ, ಸುಮಾರು ಮೂವತ್ತಮೂರು ತಿಂಗಳಿಗೊಮ್ಮೆ, ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ ಒಂದು ಇಡೀ ತಿಂಗಳು ಸೇರಿಸುತ್ತಾರೆ. ಎಲ್ಲಿ ಸೇರಿಸುವುದು ಎಂಬುದಕ್ಕೂ ನಿಯಮ ಇದೆ. ಯಾವ ತಿಂಗಳಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ದಾಟುವುದಿಲ್ಲವೋ ಅದು ಅಧಿಕ. ಅದಕ್ಕೆ ತನ್ನದೇ ಹೆಸರಿಲ್ಲ, ಮುಂದಿನ ತಿಂಗಳ ಹೆಸರನ್ನು ಕೈಗಡ ತೆಗೆದುಕೊಳ್ಳುತ್ತದೆ. ಹನ್ನೆರಡು ತಿಂಗಳಿದ್ದವು. ನನ್ನ ಮದುವೆಯ ವರ್ಷ ಅದಕ್ಕೆ ಆಷಾಢದ ಹೆಸರೇ ಬೇಕಾಗಿತ್ತು.

"ಅವ್ವಾ, ಅಧಿಕ ಅಂದ್ರ ಅದು ಖರೇ ಆಷಾಢ ಅಲ್ಲ. ಹೆಸರಿಗಷ್ಟ ಆಷಾಢ. ಅದನ್ನ ಹಿಡ್ಯೂದ ಬ್ಯಾಡ. ನಿಜ ಆಷಾಢ ಬರಲಿ, ಆವಾಗ ಕಳಸೂಣು," ಎಂದೆ. ಮಾವನ ಮುಂದೆ ಆದಷ್ಟು ಶಾಸ್ತ್ರದ ಧ್ವನಿಯಲ್ಲಿ ಹೇಳ ನೋಡಿದೆ.

"ಯಾಕ ಹಿಡ್ಯೂದ ಬ್ಯಾಡ?"

"ಅದು ಮ್ಯಾಲೆ ಕೂಡಿಸಿದ್ದಲ್ಲಬೇ."

ಹೇಳಿದ ಮೇಲೆ ತಿಳಿಯಿತು. ಅವ್ವ ಅವಸರ ಮಾಡಲಿಲ್ಲ. ಕ್ಯಾಲೆಂಡರನ್ನು ಮಡಚಿದಳು, ಸೆರಗು ಸರಿ ಮಾಡಿಕೊಂಡಳು, ನಾಲ್ಕು ತಿಂಗಳಿಂದ ಬಚ್ಚಿಟ್ಟದ್ದನ್ನು ಹೊರಗೆ ತೆಗೆದಳು.

"ಕೂಡಿಸಿದ್ದೂ ಲೆಕ್ಕದಾಗ ಬರತೈತಿ."

"ಅದು ಇಂಗ್ಲಿಷ್ ಕ್ಯಾಲೆಂಡರಿನ ಮಾತ ಆಗಿತ್ತು."

"ಹೌದ? ಸೂರ್ಯ ಇಂಗ್ಲಿಷಾಂವಾ, ಚಂದ್ರ ಕನ್ನಡದಾಂವಾ?"

ಮಾವ ಇಬ್ಬರ ಮುಖವನ್ನೂ ನೋಡಿ, "ಬೀಗರು ಹೇಳೂದ್ರಾಗ ತೂಕ ಐತ್ರಿ," ಎಂದರು. ಆಮೇಲೆ ನೆನಪು ಮಾಡಿಕೊಂಡು ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿದರು. ಆಷಾಢ ಮುಗಿಯುತ್ತಲೇ ಪಂಚಮಿ. ಮೊದಲ ಪಂಚಮಿ ಹೆಣ್ಣುಮಕ್ಕಳಿಗೆ ತವರಿನಲ್ಲೇ ಆಗಬೇಕು, ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಿಸಬೇಕು. ಹೀಗೆ ನಾನು ಒಂದು ತಿಂಗಳೆಂದು ಗಟ್ಟಿ ಮಾಡಿಕೊಂಡ ಮನಸ್ಸು ಎರಡು ದಾಟಿ ಮೂರನೆಯ ತಿಂಗಳಿಗೆ ಕಾಲಿಟ್ಟಿತು. ಇದೆಲ್ಲ ನಡೆಯುವಾಗ ಸವಿತಾ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಬಸ್ಸು ಹತ್ತುವಾಗ ಏನಾದರೂ ಹೇಳುತ್ತಾಳೆಂದು ಹತ್ತಿರ ಹೋದೆ. ಹೇಳಿದಳು.

"ಈ ತಿಂಗಳಿಗಿ ಮೂವತ್ತ ದಿನಾ ಐತ್ರಿ. ಒಂದನೇ ತಾರೀಖ ಗಡಿಯಾರ ತಿದ್ದೂದ ಮರೀಬ್ಯಾಡ್ರಿ."

ಅವಳು ಹೋದ ಮೇಲೆ ಮನೆ ಎಷ್ಟು ದೊಡ್ಡದು ಎನ್ನುವುದು ಗೊತ್ತಾಯಿತು. ಎರಡೇ ಖೋಲಿಯ ಮನೆ ಅದು. ಅಂಗಡಿಯಲ್ಲಿ ಭಾಷಣ ನಿಂತಿತು. ಗಿರಾಕಿಗಳಿಗೆ ಇದರಿಂದ ಅನುಕೂಲವಾಗಿ ವ್ಯಾಪಾರ ಸ್ವಲ್ಪ ಏರಿತು.

ಜೂನ್ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಮಂಗಸೂಳಿ ಕಡೆಯ ಬಸ್ಸು ನನ್ನ ಅಂಗಡಿಯ ಮುಂದೆಯೇ ನಿಂತಿತು. ಕಂಡಕ್ಟರ್ ಮಾರುತಿ ಅದೇ ಊರಿನವನು, ನಮ್ಮ ಬೀಗರ ಮನೆಗೆ ಬಳಕೆಯವನು. ಆಗ ಆ ಊರಲ್ಲಿ ಫೋನು ಮಾಡಬೇಕೆಂದರೆ ಬೂತಿನ ಮುಂದೆ ಸರದಿ ನಿಲ್ಲಬೇಕು. ಅದಕ್ಕಿಂತ ಮಾರುತಿ ಬೇಗ ಮುಟ್ಟುತ್ತಿದ್ದ, ಜೋರಾಗಿಯೂ ಕೇಳಿಸುತ್ತಿದ್ದ. ಬಾಗಿಲಿನ ಕಂಬಿ ಹಿಡಿದು ಜೋತುಬಿದ್ದು ಹೇಳಿದ, "ಯಣ್ಣಾ, ನಿಮ್ಮ ಅತ್ತಿಯವರು ಹೇಳಿ ಕಳಿಸ್ಯಾರ. ಅಧಿಕ ಮಾಸ ಬಂದೈತಿ, ಅಳಿಯಂದ್ರು ಉಣ್ಣಾಕ ಬರಬೇಕಂತ."

ಇದು ನಮ್ಮ ಗಡಿಯ ಊರುಗಳ ಪದ್ಧತಿ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆಯಬೇಕು, ಉಣಿಸಬೇಕು, ತಾಟಿನಲ್ಲಿ ದೀಪ ಇಟ್ಟು ಮೂವತ್ತಮೂರು ಅನಾರಸ, ಅಂದರೆ ಅಕ್ಕಿ ಬೆಲ್ಲದ ಕಜ್ಜಾಯ, ಕೊಡಬೇಕು. ಅಧಿಕ ಮೂವತ್ತಮೂರು ತಿಂಗಳಿಗೊಮ್ಮೆ ಬರುತ್ತದಲ್ಲ, ಅದಕ್ಕೇ ಅಷ್ಟು ಇರಬೇಕು ಎಂದು ನಾನು ತಿಳಿದಿದ್ದೇನೆ. ಅದರಲ್ಲೂ ಮದುವೆಯ ಮೇಲಿನ ಮೊದಲ ಅಧಿಕವಾದರೆ ಬಿಡುವ ಹಾಗೇ ಇಲ್ಲ. ಈಗ ತೊಡಕು ನೋಡಿ. ಅಧಿಕ ಮಾಸ ಅಳಿಯನನ್ನು ಬಾ ಎನ್ನುತ್ತದೆ. ಆಷಾಢ ಬರಬೇಡ ಎನ್ನುತ್ತದೆ. ಎರಡೂ ಒಂದೇ ತಿಂಗಳು. ಇಂಥ ಪರಿಸ್ಥಿತಿ ಶಾಸ್ತ್ರ ಮಾಡಿದವರಿಗೆ ಬಂದಿರಲಿಕ್ಕಿಲ್ಲ, ಬಂದಿದ್ದರೆ ಒಂದು ಸಾಲು ಬರೆದಿಡುತ್ತಿದ್ದರು.

ಅವ್ವ ಮಾರುತಿಯ ಕೈಯಲ್ಲೇ ಉತ್ತರ ಕಳಿಸಿದಳು: ಆಷಾಢದಲ್ಲಿ ಅಳಿಯ ಹೊಸ್ತಿಲು ದಾಟುವ ಹಾಗಿಲ್ಲ. ಮಾರನೆಯ ದಿನ ಅತ್ತೆಯ ಉತ್ತರ ಬಂತು: ಅಧಿಕದಲ್ಲಿ ಅಳಿಯ ಉಣ್ಣದೆ ಹೋದರೆ ನಮ್ಮ ಮನೆಗೆ ಒಳ್ಳೆಯದಲ್ಲ. ಸೊಸೆಯನ್ನು ದೂರ ಇಡಲು ಅವ್ವ ಆ ತಿಂಗಳನ್ನು ಆಷಾಢ ಎನ್ನುತ್ತಿದ್ದಳು, ಅಳಿಯನನ್ನು ಹತ್ತಿರ ಕರೆಯಲು ಅತ್ತೆ ಅದನ್ನೇ ಅಧಿಕ ಎನ್ನುತ್ತಿದ್ದರು. ಎರಡೂ ಸರಿ ಇದ್ದವು. ನಾಲ್ಕಾರು ದಿನ ಈ ವಾದ ಸರಕಾರಿ ಬಸ್ಸಿನಲ್ಲಿ ಕೃಷ್ಣಾ ಹೊಳೆಯನ್ನು ದಾಟಿ ಹೋಗಿ ಬಂದು ಮಾಡಿತು. ಪ್ರಯಾಣಿಕರು ಎರಡು ಪಕ್ಷವಾದರು. "ಮುಂದಿನ ಸೀಟಿನವರೆಲ್ಲ ನಿಮ್ಮ ಅವ್ವನ ಕಡೆ ಅದಾರ್ರಿ," ಎಂದು ಮಾರುತಿ ವರದಿ ಒಪ್ಪಿಸಿದ. "ಹಿಂದಿನವರು ನಿಮ್ಮ ಕಡೆ. ಡ್ರೈವರಂದು ಇನ್ನ ಏನೂ ಗೊತ್ತಾಗವಲ್ದು." ಕೊನೆಗೆ ದಾರಿ ಹುಡುಕಿದವರು ಅತ್ತೆ. ಜುಲೈ ಮೊದಲ ವಾರದಲ್ಲಿ ಮಾರುತಿ ಬಸ್ಸಿನಿಂದ ಇಳಿಯದೆ ತೀರ್ಪು ಓದಿದ.

"ಹೊಸ್ತಲಾ ದಾಟಬಾರ್ದಂದ್ರ ದಾಟೂದ ಬ್ಯಾಡಂತ. ದನದ ಕೊಟ್ಟಿಗಿಗೆ ಹೊಸ್ತಲಾ ಇಲ್ಲಂತ. ಏನ ಹೇಳ್ಲಿ ಯಣ್ಣಾ?"

ಬಸ್ಸಿನ ಕಿಟಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಮಾನ ಒಂದು ಕಡೆ, ಸವಿತಾ ಇನ್ನೊಂದು ಕಡೆ. "ಗುರುವಾರ ಬರ್ತೀನಂತ ಹೇಳು," ಎಂದೆ. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಗುರುವಾರ ಮಂಗಸೂಳಿಯಲ್ಲಿ ಜಿಟಿಜಿಟಿ ಮಳೆ. ಮಾವ ಕೊಡೆ ಹಿಡಿದು ಬಂದು, ಮನೆಯ ಬಾಗಿಲನ್ನು ದೂರದಿಂದಲೇ ತೋರಿಸಿ, ಮನೆಯನ್ನು ಬಳಸಿ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದರು. ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಮಳೆಯೆಂದು ಎರಡು ಎಮ್ಮೆಗಳನ್ನು ಹೊರಗೆ ಕಟ್ಟಿರಲಿಲ್ಲ. ಅವುಗಳ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ನನಗೆ ಮಣೆ. ಎದುರಿಗೆ ಹತ್ತು ಹೆಜ್ಜೆಯಲ್ಲಿ ಮನೆಯ ಹೊಸ್ತಿಲು. ಅದರ ಒಳಗೆ ನಿಂತು ಅತ್ತೆ ಇಡೀ ಕಾರ್ಯಕ್ರಮ ನಡೆಸುತ್ತಿದ್ದರು. ಸೂರ್ಯನೇ ಈ ತಿಂಗಳು ಮನೆ ದಾಟುವುದಿಲ್ಲ, ನಿನ್ನದೇನು ಹೆಚ್ಚುಗಾರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸೂರ್ಯನ ಪಕ್ಕದಲ್ಲಿ ಎಮ್ಮೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಬಡಿಸಲು ಸವಿತಾ ಬಂದಳು. ಅವಳಿಗೆ ಯಾವ ಹೊಸ್ತಿಲಿನ ಅಡ್ಡಿಯೂ ಇರಲಿಲ್ಲ. ಎಮ್ಮೆ ನನ್ನ ತಾಟಿನ ಕಡೆ ನೋಡಿತು, ನಾನು ಸವಿತಾಳ ಕಡೆ ನೋಡಿದೆ.

"ಹೆಂಗದಿ?" ಎಂದೆ, ಮೆಲ್ಲಗೆ.

"ಆರಾಮ ಅದೀನ್ರಿ. ಮೈ ತುಂಬಿಕೊಂಡೇನಂತ ಅವ್ವ ಅಂತಾಳ."

"ಬ್ಯಾಸರಾಗೈತೇನು?"

"ಯಾರಿಗಿ?"

ಇದಕ್ಕೆ ನನ್ನ ಬಳಿ ಉತ್ತರ ಇತ್ತು, ಆದರೆ ಹೊಸ್ತಿಲಿನಿಂದ ಅತ್ತೆಯ ಧ್ವನಿ ಬಂತು. "ಸವಿತಾ, ಅಳಿಯಂದ್ರಿಗಿ ತುಪ್ಪಾ ಕೇಳು. ಸುಮ್ನ ನಿಂತೀಯಲ್ಲ." ಅವಳು ತುಪ್ಪ ಹಾಕಲು ಬಗ್ಗಿದವಳು ನನ್ನ ಎಡಗೈ ನೋಡಿದಳು.

"ಗಡಿಯಾರದಾಗ ಮೂರ ಐತಿ. ಇವತ್ತ ನಾಕನೇ ತಾರೀಖ."

ನೋಡಿದೆ. ಹೌದು. ಜೂನ್ ಮುಗಿದಾಗ ಚಕ್ರ ತನ್ನ ಪಾಡಿಗೆ ಮೂವತ್ತೊಂದನ್ನು ತೋರಿಸಿ ಒಂದು ದಿನ ಹಿಂದೆ ಬಿದ್ದಿತ್ತು. ಒಂದನೇ ತಾರೀಖು ಅಂಗಡಿಗೆ ಬಂದವರ ಗಡಿಯಾರವನ್ನೆಲ್ಲ ತಿದ್ದಿದ್ದೆ.

"ಮರತೀರಿ."

"ಮನಸಿರ್ಲಿಲ್ಲ," ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ತುಪ್ಪ ಸುರಿಯುತ್ತಿದ್ದಳು. ಅದು ಹೋಳಿಗೆ ತುಂಬಿ, ತಾಟು ತುಂಬಿ, ರಂಗೋಲಿಯ ಕಡೆ ಹೊರಟಿತ್ತು. ಚಾವಿ ತಿರುಗಿಸಲು ಕೈ ಎತ್ತಿದೆ. "ಎಂಜಲಗೈ. ಆಮ್ಯಾಲ ತಿದ್ದಕೋರಿ," ಎಂದಳು. ಇದೇ ಸಮಯವೆಂದು ನಾನು ಮೆಲ್ಲಗೆ ಕೇಳಿದೆ, "ಅವ್ವನ್ನ ಒಪ್ಪಿಸಿದ್ರ ಈ ತಿಂಗಳ ಮುಗದ ಕೂಡ್ಲೆ ಬರ್ತೀ?"

"ಮದಲ ಒಪ್ಪಸ್ರಿ," ಎಂದಳು. ನಕ್ಕಳು ಎಂದೇ ನಾನು ತಿಳಿದೆ. ಎಮ್ಮೆ ತಲೆ ಅಡ್ಡ ತಂದದ್ದರಿಂದ ಸರಿಯಾಗಿ ಕಾಣಲಿಲ್ಲ.

ಸಂಜೆ ಬಸ್ಸಿಗೆ ಡಬ್ಬಿ ತುಂಬ ಅನಾರಸ ಹಿಡಿದು ಚಿಕ್ಕೋಡಿಗೆ ಬಂದೆ. ದಾರಿಯುದ್ದಕ್ಕೂ ಅವ್ವನ ಮುಂದೆ ಮಂಡಿಸಬೇಕಾದ ವಾದಗಳನ್ನು ಜೋಡಿಸುತ್ತಾ ಬಂದೆ. ಅವ್ವ ಉಪವಾಸದ ಮುಖ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದಳು. ಡಬ್ಬಿ ತೆರೆದೆ. ತುಪ್ಪ, ಬೆಲ್ಲ, ಗಸಗಸೆಯ ವಾಸನೆ ನಮ್ಮಿಬ್ಬರ ನಡುವೆ ಬಂದು ಕುಳಿತಿತು. ಅವ್ವ ಒಂದು ಅನಾರಸ ಎತ್ತಿ, ಬೆಳಕಿಗೆ ಹಿಡಿದು, ಅದರ ಜಾಳಿಗೆಯಂಥ ಸಣ್ಣ ತೂತುಗಳನ್ನು ನೋಡಿದಳು.

"ಬೀಗತಿ ಕೈ ಚಲೋ ಐತಿ," ಎಂದಳು. ಕೆಳಗೆ ಇಡಲಿಲ್ಲ. ಹಿಡಿದುಕೊಂಡೇ ಕೇಳಿದಳು, "ಇವತ್ತ ಯಾವ ವಾರೋ ತಮ್ಮಾ?"

ಅವ್ವ ವಾರ ಮರೆಯುವವಳಲ್ಲ. ನನ್ನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಸರಿಯಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅದರ ಹಿಂದೆ ಭೂಮಿ, ಸೂರ್ಯ, ಹಿಟ್ಟು, ಉಂಡೆ ಎಲ್ಲ ಸಾಲಾಗಿ ನಿಂತಿದ್ದವು. ಆಗ ಕೈ ನೋಡಿಕೊಂಡೆ. ದಾರಿಯಲ್ಲಿ ತಿದ್ದುವುದನ್ನು ಮರೆತಿದ್ದೆ.

"ಗಡಿಯಾರದಾಗ ಮೂರನೇ ತಾರೀಖ ಐತಿ," ಎಂದೆ. "ಮೂರಂದ್ರ ಬುಧವಾರ."

ಅವ್ವ ನನ್ನ ಮುಖ ನೋಡಿದಳು. ಫೆಬ್ರುವರಿಯಲ್ಲಿ ನೋಡಿದಷ್ಟೇ ಹೊತ್ತು.

"ಗಡಿಯಾರದಂವಾ ನೀನ ಹೇಳಿದ ಮ್ಯಾಲ ಮುಗೀತು," ಎಂದು ಅನಾರಸ ಮುರಿದಳು.

ಮೂರು ತಿಂದಳು. ನಾನು ನಾಲ್ಕನೆಯದನ್ನು ಮುಂದೆ ಮಾಡಿದೆ, ಅದನ್ನೂ ತಿಂದಳು. ನೀರು ಕುಡಿದು, ಬಾಯಿ ಒರೆಸಿಕೊಂಡು, ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದ ವಾದಗಳಲ್ಲಿ ಒಂದನ್ನೂ ಕೇಳದೆ ತಾನಾಗಿಯೇ ಹೇಳಿದಳು, "ಆ ಹುಡಿಗಿನ್ನ ಈ ತಿಂಗಳ ಮುಗದ ಮ್ಯಾಲ ಕರಕೊಂಡ ಬಾ. ಒಂದ ಆಷಾಢ ಪಾಳಿಸಿದ್ರ ಸಾಕು. ಎರಡರಾಗ ಯಾವದಂತ ದೇವರೇನ ಕೇಳಂಗಿಲ್ಲ. ಪಂಚಮಿಗೆ ಮತ್ತ ಕಳಸೂಣು."

ಮರುದಿನ ಮಾರುತಿಯ ಬಸ್ಸು ಬರುವ ಮೊದಲೇ ರಸ್ತೆಯಲ್ಲಿ ನಿಂತಿದ್ದೆ. ಅವ್ವ ಒಪ್ಪಿದಳು, ತಿಂಗಳು ಮುಗಿದ ಮರುದಿನವೇ ಕರೆಯಲು ಬರುತ್ತೇನೆ ಎಂದು ಹೇಳಿ ಕಳಿಸಿದೆ. ಮಾರುತಿ ಅಲ್ಲೇ ಹಿಂತಿರುಗಿ ಬಸ್ಸಿನೊಳಗೆ ತಿಳಿಸಿದ. ಮುಂದಿನ ಸೀಟಿನವರು ಕೂಡ ಒಪ್ಪಿದರು. ಅಂದು ಅಂಗಡಿಯಲ್ಲಿ ಎಷ್ಟೋ ದಿನಗಳ ನಂತರ ಒಬ್ಬ ಗಿರಾಕಿಗೆ ಪೂರ್ತಿ ಭಾಷಣ ಕೊಟ್ಟೆ.

ಶನಿವಾರ ಬಸ್ಸು ಬಂತು. ಮಾರುತಿ ಈ ಸಲ ಜೋತುಬೀಳಲಿಲ್ಲ, ಕೆಳಗಿಳಿದು ಹತ್ತಿರ ಬಂದ. ಅದನ್ನು ಕಂಡೇ ನನಗೆ ಅನುಮಾನ ಬಂತು.

"ಯಣ್ಣಾ, ನಿಮ್ಮ ಮನಿಯವರು ಹೇಳ್ಯಾರ. ತವರಮನ್ಯಾಗ ಹಿಂತಾ ಹೆಚ್ಚಿಗೀ ತಿಂಗಳ ಮತ್ತ ಯಾವಾಗ ಸಿಗತೈತಿ, ಎರಡೂ ಆಷಾಢ ಮುಗಿಸಿ, ಪಂಚಮಿ ಮುಗಿಸಿ ಬರ್ತೀನಿ ಅಂದಾರ."

"ಅವ್ವ ಒಪ್ಪ್ಯಾಳಂತ ಹೇಳಿದಿಲ್ಲೋ?"

"ಹೇಳಿದೆ. ಅದಕ್ಕ ಇನ್ನೊಂದ ಮಾತ ಹೇಳಿದ್ರು. ಕೂಡಿಸಿದ್ದೂ ಲೆಕ್ಕದಾಗ ಬರತೈತಿ, ಅವರಿಗೆ ಗೊತ್ತೈತಿ ಅಂದ್ರು." ಅವನು ಬಸ್ಸಿನ ಕಡೆ ತಿರುಗಿ ನೋಡಿ, "ಹಂಗಂದ್ರೇನ್ರಿ? ಬಸ್ಸಿನ್ಯಾಗ ಎಲ್ಲಾರೂ ಕೇಳಾಕತ್ತಾರ," ಎಂದ.

ಜೀವನದಲ್ಲಿ ಮೊದಲ ಸಲ ಒಂದು ಇಡೀ ಬಸ್ಸು ನನ್ನ ಭಾಷಣಕ್ಕೆ ಕಾದು ನಿಂತಿತ್ತು. "ಹೊತ್ತಾಗತೈತಿ, ಬಸ್ ಬಿಡು," ಎಂದೆ. ಅವನು ಮೆಟ್ಟಿಲು ಹತ್ತಿ ಸೀಟಿ ಊದಿದವನು ಮತ್ತೆ ತಲೆ ಹೊರಗೆ ಹಾಕಿದ.

"ಇನ್ನೊಂದ ಮರತಿದ್ದೆ. ಗಡಿಯಾರ ತಿದ್ದ್ಯಾರೋ ಇಲ್ಲೋ ಕೇಳು ಅಂದಾರ."

ಬಸ್ಸು ಹೋಯಿತು. ಅಂಗಡಿಯೊಳಗೆ ಬಂದು ಕುಳಿತು ಚಾವಿ ಎಳೆದು ತಿರುಗಿಸಿದೆ. ಕಿಟಕಿಯಲ್ಲಿ ಐದು ಹೋಗಿ ಆರು ಬಂತು. ಹಾಗೆ ಒಂದು ದಿನ ಕಳೆಯಿತು. ಉಳಿದವಕ್ಕೆ ಚಾವಿ ಇರಲಿಲ್ಲ.